ಅಳಿಸುವ ಪಾಲು

ಮಕ್ಕಳೇ ಶರಣು, ರೇಣುಕಾ, ನಿಮಗಿಬ್ಬರಿಗೂ ಒಂದು ಮಾತು ಬರೆದಿಡುತ್ತಿದ್ದೇನೆ. ಭೀಮರಾಯನಗುಡಿಯ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಇಂಜಿನಿಯರ್ ಹುಡುಗಿ ಜಡೆಯ ತುದಿ ಬೆರಳಿಗೆ ಸುತ್ತುತ್ತ, "ಕೇಳಿ ನೋಡೂನ್ರಿ" ಅನ್ನುತ್ತಿದ್ದಳು. ಕಾಲುವೆ ನೀರು ಅಳೆಯುವ ಪೆಟ್ಟಿಗೆಯಲ್ಲಿ, ಕರೆಂಟು ಹೋದರೂ ಲೆಕ್ಕ ಮರೆಯದ ಚಿಪ್ ಇರುತ್ತದೆ. ಅದನ್ನು ನಡೆಸುವ ಪ್ರೋಗ್ರಾಮನ್ನು ಯಾವ ಊರಿನವರು ಬೇಕಾದರೂ ತಿದ್ದಿ ಕಳಿಸಬಹುದಂತೆ. ಅದಕ್ಕೆಂದು ಅವಳು ಒಂದು ಹೊಸ ಭಾಗವನ್ನು ಮಳೆಗಾಲವಿಡೀ ಕೂತು ಬರೆದಳು. ಕಳಿಸುವ ದಿನ ನೋಡಿದರೆ, ದೂರದ ಯಾರೋ ಅದನ್ನೇ ಬರೆದು ಕಳಿಸಿಬಿಟ್ಟಿದ್ದರು.

"ನಿನ್ನ ಕೆಲಸೆಲ್ಲಾ ಹಾಳಾತೇನವ್ವ?" ಅಂದೆ.

"ಅವರನ್ನ ಕೇಳಿ ನೋಡೂನ್ರಿ ಅಕ್ಕಾರ. ಇಬ್ಬರೂ ರೊಟ್ಟಿ ಬಡದ್ರ ಪಲ್ಯ ಯಾರ್ ಮಾಡ್ತಾರ?"

ಬರೆದು ಕೇಳಿದಳು. ಆ ಚಿಪ್‌ನಲ್ಲಿ ಶಾಲೆಯ ಪಾಟಿಯ ಹಾಗೆ ಹಳೆಯದನ್ನು ಅಳಿಸಿಯೇ ಹೊಸದು ಬರೆಯಬೇಕಂತೆ. ಬರೆಯುವ ಪಾಲು ಅವರದಾಯಿತು, ಅಳಿಸುವ ಪಾಲು ಇವಳದು. ತಾನು ಬರೆದದ್ದರಲ್ಲಿ ಅರ್ಧ ತಾನೇ ತೆಗೆದುಹಾಕಿ, ನಗುತ್ತ ಊಟಕ್ಕೆ ಬಂದಳು.

ನಾನು ಬರೆದಿಟ್ಟು ಹೋಗುವ ಈ ಹಾಳೆಗಳಿಗಾಗಿ ನೀವಿಬ್ಬರೂ ಜಗಳಾಡಬೇಡಿ. ಒಬ್ಬರು ಜೋಪಾನವಾಗಿಡಿ, ಇನ್ನೊಬ್ಬರು ಓದಿ ಹೇಳಿ.