ಪಂಪಿನ ಚಕ್ರದ ಮೊಂಡು ಅಂಚು

ಮಾಲೂರಿನ ಕಾರ್ಖಾನೆಯಲ್ಲಿ ನನ್ನ ಕೆಲಸ ಕಾಯಂ ಆಗಲು ಮೂರೇ ದಿನ ಬಾಕಿಯಿತ್ತು. ಪಂಪಿನೊಳಗೆ ತಿರುಗಿ ನೀರೆತ್ತುವ ಉಕ್ಕಿನ ಚಕ್ರಗಳಿಗೆ ಹೊಳಪು ಕೊಡುವುದು ನನ್ನ ಕೆಲಸ. ಬಾಗಿದ ರೆಕ್ಕೆಗಳ ಸಂದಿಗೆ ಎಮರಿ ಕಾಗದ ಹಿಡಿದ ಬೆರಳು ಹೋಗುವುದಿಲ್ಲ. ಅದಕ್ಕೆಂದೇ ಆ ವಾರ ಹೊಸ ಯಂತ್ರ ಬಂದಿತ್ತು. ನೀರಿನಲ್ಲಿ ಕಲಸಿದ ಉಜ್ಜುಪುಡಿಯ ತೊಟ್ಟಿಗೆ ಚಕ್ರವನ್ನು ಇಳಿಬಿಟ್ಟು, ಅರ್ಧ ಹೊತ್ತು ಬಲಕ್ಕೆ, ಅರ್ಧ ಹೊತ್ತು ಎಡಕ್ಕೆ ತಿರುಗಿಸಬೇಕು ಎಂದು ಹೇಳಿಕೊಟ್ಟಿದ್ದರು.

ಬೀಸುಕಲ್ಲನ್ನು ಎಡಕ್ಕೆ ತಿರುಗಿಸಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಇದೂ ಬೀಸುವಂಥ ಕೆಲಸವೇ ತಾನೇ ಎಂದುಕೊಂಡು ಪೂರ್ತಿ ಹೊತ್ತೂ ಬಲಕ್ಕೇ ಬಿಟ್ಟೆ. ತೊಳೆದು ನೋಡಿದರೆ ರೆಕ್ಕೆಯ ಒಂದು ಮೈ ಕನ್ನಡಿ, ಇನ್ನೊಂದು ಮೈ ಒರಟು.

ಮುಳಬಾಗಿಲು ಕಡೆಯ ಹಿರಿಯ ಕೆಲಸಗಾರರೊಬ್ಬರನ್ನು ಕೇಳಿದೆ: "ಅಣ್ಣಾ, ಈಗ ಎಡಕ್ಕೆ ತಿರುಗಿಸಿದ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?"

"ಹೊಳಪು ಬರ್ತೈತೆ, ಸವೆದಿದ್ದು ವಾಪಸ್ ಬರ್ತೈತೇನ್ಲಾ? ಅಂಚು ಮುಟ್ಟಿ ನೋಡು."

ಚೂಪಾಗಿರಬೇಕಾದ ಅಂಚು ಬಳಸಿದ ಸೋಪಿನ ಬಿಲ್ಲೆಯಂತೆ ದುಂಡಗಾಗಿತ್ತು.

"ಇದನ್ನ ಹಾಕಿದ ಪಂಪು ನೀರು ಸರಿಯಾಗಿ ಎತ್ತಲ್ಲ ಕಣೋ. ನೀನೇ ಹೋಗಿ ಹೇಳು," ಎಂದರು.

ತಪಾಸಣೆ ಮಾಡುವವರ ಮುಂದೆ ಚಕ್ರವನ್ನಿಟ್ಟು, ಅಜ್ಜಿಯ ಬೀಸುಕಲ್ಲಿನ ಸಮೇತ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಚಕ್ರ ಗುಜರಿಗೆ ಹೋಯಿತು. ನಾನು ಕಾಯಂ ಆಗುವುದು ಮೂರು ತಿಂಗಳು ಮುಂದಕ್ಕೆ ಹೋಯಿತು.

ಹೊರಗೆ ಬಂದು ಹಿರಿಯರಿಗೆ ವಿಷಯ ತಿಳಿಸಿದೆ.

"ಕೆಲಸ ಬಿಟ್ಟು ಹೋಗು ಅನ್ಲಿಲ್ವಲ್ಲ? ಕೈ ತೊಳ್ಕೊಂಡು ಬಾರೋ, ಮುದ್ದೆ ಆರಿಹೋಗ್ತೈತೆ," ಎಂದು ಅವರು ಊಟದ ಡಬ್ಬಿ ಬಿಚ್ಚಿದರು.