ಕೋಡಿಹಳ್ಳಿ ಮದುವೆಯನ್ನು ಅಳಿಸದ ತಸ್ಲೀಮಾ

ಚನ್ನಪಟ್ಟಣದ ಕೋಳಿಗಳು ಕೂಗುವ ಮುನ್ನ ಒಂದು ಕಿಟಕಿಯತ್ತ ಕತ್ತು ಚಾಚುತ್ತವೆ. ಅಲ್ಲಿ ಕಂಪ್ಯೂಟರಿನ ಬೆಳಕು ಕಂಡರೆ, ಸರಿ, ಬೆಳಗಾಯಿತು ಎಂದು ಕೂಗುತ್ತವೆ. ಇದರಲ್ಲಿ ನಾನು ಎಳ್ಳಷ್ಟೂ ಸೇರಿಸಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯ ಆ ಪುಟ್ಟ ಕೋಣೆಯಲ್ಲಿ ತಸ್ಲೀಮಾ ಕಣ್ಣುಜ್ಜಿಕೊಳ್ಳುತ್ತ ಕೂತಿದ್ದಾರೆ. ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವುದು ಅವರ ಕೆಲಸ. ಇಂದು ಅವರ ಕಂಪ್ಯೂಟರ್ ಒಂದೇ ಮಾತು ಹೇಳುತ್ತಿದೆ: ಜಾಗವಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ತಾಳಿ ಕಟ್ಟಿಸಿಕೊಂಡ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿ ಈ ಕೋಣೆ ದಾಟಿಯೇ ಹೋಗಿದ್ದಾರೆ. ಉಳಿದರ್ಧ ಓಡಿಹೋಗಿ ಮದುವೆಯಾದವರು, ಅವರಿಗೆ ವಿಡಿಯೋ ಇಲ್ಲ. ಫೋಟೋಗ್ರಾಫರುಗಳು ತೆಗೆದದ್ದನ್ನೆಲ್ಲ ತಂದು ಇಲ್ಲಿ ಸುರಿಯುತ್ತಾರೆ. ತಸ್ಲೀಮಾ ಅದನ್ನು ಕತ್ತರಿಸಿ, ಜೋಡಿಸಿ, ಓಲಗ ಕೂಡಿಸಿ, ಮೂರು ಗಂಟೆಯ ಮದುವೆ ಮಾಡಿ ಕೊಡುತ್ತಾರೆ. ಹೆಸರು ಮಾತ್ರ ಸ್ಟುಡಿಯೋದವರದು.

"ಕೊನೇಲಿ ಹೆಸ್ರುಗಳು ಬತ್ತವಲ್ಲ ಸಾರ್, ಅದ್ರಲ್ಲಿ ಅಡುಗೆ ಭಟ್ರ ಹೆಸ್ರೂ ಐತೆ. ನಂದಿಲ್ಲ" ಎಂದು, ಕೆಲಸ ನೋಡಲು ಬಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ. ಬೇಸರವೂ ಇಲ್ಲದಷ್ಟು ದಣಿದ ದನಿ.

ಬಾಗಿಲಲ್ಲಿ ಸಾತನೂರಿನ ಫೋಟೋಗ್ರಾಫರ್ ಮುನೇಶ್ ನಿಂತಿದ್ದಾರೆ. ಕೈಯಲ್ಲಿ ನಿನ್ನೆಯ ಮದುವೆ ತುಂಬಿದ ಕ್ಯಾಮೆರಾ ಕಾರ್ಡುಗಳು. ಇಂದು ಇನ್ನೊಂದು ಮುಹೂರ್ತವಿದೆ, ಕಾರ್ಡು ಖಾಲಿಯಾಗಬೇಕು. ಅದಕ್ಕೆ ಮೊದಲು ಈ ಕಂಪ್ಯೂಟರಿನಲ್ಲಿ ಜಾಗವಾಗಬೇಕು.

"ಅಕ್ಕಾ, ಆ ಕೋಡಿಹಳ್ಳಿ ಮದುವೆ ಆನೆ ಬಿದ್ಕಂಡಂಗೆ ಬಿದ್ಕಂಡೈತಲ್ಲ, ಎತ್ಬುಡಕ್ಕ ಅದ್ನ. ಪೆನ್ ಡ್ರೈವ್ ಕೊಟ್ಟು ವರ್ಸಾಯ್ತು."

"ಆಗಲ್ಲ ಮುನೇಶಣ್ಣ. ಬೈರಮ್ಮಾರು ಫೋನ್ ಮಾಡಿದ್ರು. ಮೊದ್ಲನೇ ಬಸ್ಸಿಗೆ ಬತ್ತಾವ್ರೆ."

"ಬಂದು ಏನ್ ನೋಡ್ತಾರೆ? ಮಗಳಿಗೆ ಮಗೂನೇ ಆಯ್ತು!"

ಕೋಡಿಹಳ್ಳಿ ಮದುವೆಯ ಹೆಣ್ಣಿನ ತಾಯಿ ಬೈರಮ್ಮ ನೋಡಬೇಕಾದ್ದು ಮಗಳನ್ನಲ್ಲ, ತಮ್ಮನನ್ನು. ಮಗಳ ಮದುವೆಯಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಿದ್ದ ಸೋದರಮಾವ ಮುನಿಯಪ್ಪ ಅಲ್ಲಿರಲಿಲ್ಲ. ಯಾವುದೋ ಹಳೇ ಮುನಿಸು. ಬಂದಿದ್ದೆ ಎಂದು ಅವನು, ಬರಲೇ ಇಲ್ಲ ಎಂದು ಇವರು. ಮೂರು ಗಂಟೆಯ ವಿಡಿಯೋದಲ್ಲಿ ಅವನ ನೆರಳೂ ಇಲ್ಲ. ನಾಳಿದ್ದು ಅವನ ಮಗಳ ಮದುವೆ. ಹೋಗಬೇಕೋ ಬೇಡವೋ ಎಂದು ಬೈರಮ್ಮನಿಗೆ ಊಟ ಸೇರುತ್ತಿಲ್ಲ. ಎಡಿಟ್ ಮಾಡದ ಉಳಿಕೆ ಫೂಟೇಜಿನಲ್ಲಿ ಅವನೇನಾದರೂ ಸಿಕ್ಕಾನೇ ಎಂಬುದೊಂದೇ ಆಸೆ.

ತಸ್ಲೀಮಾ ಆ ಮದುವೆಯನ್ನು ಮುಟ್ಟುವುದಿಲ್ಲ. ಮೊದಲು ಎಡಿಟಿಂಗ್ ಸಾಫ್ಟ್‌ವೇರನ್ನೇ ತೆರೆದು, ಅದು ತನ್ನ ಅನುಕೂಲಕ್ಕೆಂದು ಮಾಡಿಟ್ಟುಕೊಂಡ ಪ್ರಿವ್ಯೂ ಫೈಲುಗಳನ್ನು ಅಲ್ಲಿಂದಲೇ ಗುಡಿಸಿ ಹಾಕುತ್ತಾರೆ. ರಾಮನಗರದ ಬಂಡೆಯೊಂದು ಎದ್ದು ನಡೆದಷ್ಟು ಜಾಗವಾಗುತ್ತದೆ.

"ಇವು ಕಂಪ್ಯೂಟ್ರೇ ಮಾಡ್ಕಂಡಿದ್ದು. ಕೇಳಿದ್ರೆ ಇನ್ನೊಂದ್ಸಲ ಮಾಡ್ಕೊಡ್ತದೆ" ಎಂದು ಮುನೇಶ್ ಕಡೆ ತಿರುಗುತ್ತಾರೆ. "ಮದುವೆ ಇನ್ನೊಂದ್ಸಲ ಮಾಡ್ಕೊಡ್ತೀಯೇನಣ್ಣ ನೀನು?"

"ಗಂಡು ಒಪ್ಪಿದ್ರೆ ನಂದೇನಕ್ಕ" ಎಂದು ಮುನೇಶ್ ಹಲ್ಲು ಕಿರಿಯುತ್ತಾರೆ.

ಹೊರಗಿನ ಹಾರ್ಡ್ ಡಿಸ್ಕಿನಲ್ಲೂ ಜಾಗ ಬೇಕು. ವಿರೂಪಾಕ್ಷಿಪುರದ ಮದುವೆಯೊಂದು ಅಲ್ಲಿದೆ. ಆ ಮನೆಯವರು ವಿಡಿಯೋ ಪೂರ್ತಿ ನೋಡಿ, ಇನ್ನು ಅಳಿಸಬಹುದು ಎಂದು ಬಾಯಿಬಿಟ್ಟು ಹೇಳಿದ್ದಾರೆ. ಅದು ಹೋಗುತ್ತದೆ. ಕಸದ ಬುಟ್ಟಿ ಖಾಲಿ ಮಾಡುವ ಮುನ್ನ ಒಮ್ಮೆ ಇಣುಕಿ ನೋಡುತ್ತಾರೆ, ಇನ್ನಾರದೋ ಮದುವೆ ಜತೆಗೆ ಬಿದ್ದಿದೆಯೇ ಎಂದು.

ಆಮೇಲೆ ಮುನೇಶ್ ತಂದ ಕಾರ್ಡುಗಳು ಎರಡು ಕಡೆ ಕಾಪಿಯಾಗುತ್ತವೆ. ಕಟ್ ಮಾಡಿ ಪೇಸ್ಟ್ ಮಾಡುವುದು ಈ ಕೋಣೆಯಲ್ಲಿ ನಿಷಿದ್ಧ. ರಾಮನಗರದ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದಾಗ ಹಾಗೆ ಮಾಡುವಾಗಲೇ ಕರೆಂಟು ಹೋಗಿತ್ತಂತೆ. "ಹೆಣ್ಣು ಸಿಕ್ಕಿದ್ಲು, ಗಂಡು ಸಿಕ್ದ, ಧಾರೆ ಸಿಗ್ನಿಲ್ಲ. ಆ ಮನೆಗೆ ಹೋಗಿ ಹೇಳ್ಬೇಕಿತ್ತಲ್ಲ ಸಾರ್, ಓನರ್ ನನ್ನೇ ಕಳಿಸಿದ್ರು. ಆ ತಾಯಿ ಬಯ್ಲೂ ಇಲ್ಲ. ಬೈದಿದ್ರೆ ವಾಸಿಯಿತ್ತು." ಕಾಪಿ ಮುಗಿದ ಮೇಲೂ ನಂಬಿಕೆಯಿಲ್ಲ. ಎರಡೂ ಕಡೆ ಮೊದಲು, ನಡು, ಕೊನೆ ಓಡಿಸಿ ನೋಡಿಯೇ ಕಾರ್ಡು ವಾಪಸ್ಸು ಕೊಡುತ್ತಾರೆ. ಮುನೇಶ್ ಬೈಕು ಹೆದ್ದಾರಿಯನ್ನೇ ಸುಟ್ಟುಕೊಂಡು ಸಾತನೂರಿಗೆ ಹಾರುತ್ತದೆ.

ತಸ್ಲೀಮಾ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಮೌಸು ಹಿಡಿದೂ ಹಿಡಿದೂ ಆ ಕೈ ಒಂದು ಲೋಟವನ್ನು ನೆಟ್ಟಗೆ ಎತ್ತದು. ಗಂಡ ಫರ್ಹಾನ್ ಗೂಡ್ಸ್ ಆಟೋ ತೆಗೆಯುವ ಮುನ್ನ ಟೀ ಇಟ್ಟು ಹೋಗಿದ್ದಾರೆ. ಅದರ ಮೇಲೆ ಕೆನೆ ಕಂಬಳಿಯಂತೆ ದಪ್ಪಗಾಗಿದೆ.

ಅಷ್ಟರಲ್ಲಿ ಬೈರಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಂದು ಕೂರುತ್ತಾರೆ. "ಸಿಗ್ನಿಲ್ಲ ಅಂದ್ರೆ ಸಿಗ್ನಿಲ್ಲ ಅನ್ನವ್ವ. ಸುಳ್ ಹೇಳಿ ಸಮಾಧಾನ ಮಾಡ್ಬ್ಯಾಡ."

ತಸ್ಲೀಮಾ ಉಳಿಕೆ ಫೂಟೇಜು ತೆರೆಯುತ್ತಾರೆ. ಧಾರೆಯಲ್ಲಿ ಅವನಿಲ್ಲ. ಆರತಕ್ಷತೆಯಲ್ಲಿ ಇಲ್ಲ. ಬೈರಮ್ಮನ ಮುಖ ಇಳಿಯುತ್ತ ಹೋಗುತ್ತದೆ. ಉಳಿದದ್ದು ಊಟದ ಮನೆ. ಮೈಸೂರು ಹೆದ್ದಾರಿಯಷ್ಟು ಉದ್ದದ ಪಂಕ್ತಿ, ಬರೀ ಅಗಿಯುವ ಬಾಯಿಗಳು.

"ಇದ್ನ ಯಾರೂ ನೋಡಲ್ಲ ಅಂತ ನಾನೇ ಕತ್ತರ್ಸಿ ಬುಟ್ಟಿದ್ದೆ ಅಮ್ಮಾ" ಎನ್ನುತ್ತ ತಸ್ಲೀಮಾ ಓಡಿಸುತ್ತಾರೆ.

"ನಿಲ್ಸು!"

ಸೊಂಟಕ್ಕೆ ಟವೆಲು ಬಿಗಿದವನೊಬ್ಬ ಬಕೆಟ್ಟು ಹಿಡಿದು ಸಾರು ಬಡಿಸುತ್ತಿದ್ದಾನೆ. ಕ್ಯಾಮೆರಾ ಹತ್ತಿರ ಬಂದದ್ದೇ ಮುಖ ತಿರುಗಿಸುತ್ತಾನೆ.

"ಮುನಿಯ. ನಮ್ ಮುನಿಯ ಕಣವ್ವ. ಮುಖ ಮರೆ ಮಾಡ್ಕತಾವ್ನೆ ನೋಡು, ಕಳ್ಳ!" ಬೈರಮ್ಮ ನಗುತ್ತಾರೆ. ಆಮೇಲೆ ನಗು ನಿಲ್ಲುತ್ತದೆ. ಅವನ ಬೆನ್ನ ಹಿಂದೆಯೇ ರೇಷ್ಮೆ ಸೀರೆಯ ಹೆಂಗಸೊಬ್ಬರು ತಾಂಬೂಲದ ತಟ್ಟೆ ಹಿಡಿದು ದಾಟಿ ಹೋಗುತ್ತಿದ್ದಾರೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಅದು ನಾನಲ್ವಾ?"

"ನೀವೇ ಅಮ್ಮಾ."

ಬೈರಮ್ಮ ಪರದೆಯ ಮೇಲಿನ ಆ ಇಬ್ಬರ ನಡುವೆ ಬೆರಳಿಟ್ಟು ಅಳೆಯುತ್ತಾರೆ. ನಾಲ್ಕು ತಾಲ್ಲೂಕಿನ ಗದ್ದಲವೆಲ್ಲ ಆಗ ನಿಂತೇ ಹೋಯಿತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಕೊನೆಗೆ ಅವರು ಮೊಬೈಲು ತೆಗೆಯುತ್ತಾರೆ.

"ಲೇ ಮುನಿಯ, ನಾನು ಕಣ್ಲಾ, ನಿಮ್ಮಕ್ಕ. ನಾಳಿದ್ದು ಬತ್ತೀನಿ. ಊಟದ್ ಮನೇಲಿ ಬಚ್ಚಿಟ್ಕಬ್ಯಾಡ, ಮಂಟಪದ್ ತಾವೇ ಇರು." ಆ ಕಡೆಯಿಂದ ಏನು ಉತ್ತರ ಬಂತೋ ನಮಗೆ ಕೇಳುವುದಿಲ್ಲ. ಬೈರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ.

"ಅಮ್ಮಾ, ಈಗ ಅಳಿಸ್ಲಾ?" ತಸ್ಲೀಮಾ ಮೆಲ್ಲಗೆ ಕೇಳುತ್ತಾರೆ.

"ಅಯ್ಯೋ, ಬ್ಯಾಡ! ಅವ್ನೂ ನೋಡ್ಲಿ. ಊಟದ್ದೆಲ್ಲಾ ಒಂದ್ ಪೆನ್ ಡ್ರೈವಿಗೆ ಹಾಕವ್ವ. ಮದುವೆಗೆ ಒಂದ್ ಸೀರೆ ತಕೊಂಡ್ ಬಂದ್ಬುಡ್ತೀನಿ."

ಕೋಡಿಹಳ್ಳಿಯ ಆನೆ ಬಿದ್ದಲ್ಲೇ ಬಿದ್ದಿರುತ್ತದೆ. ನಿಮಗೇನು ಬೇಕು ಎಂದು ತಸ್ಲೀಮಾರನ್ನು ಕೇಳುತ್ತೇನೆ. ದೊಡ್ಡ ಡಿಸ್ಕು, ಹೊಸ ಕಂಪ್ಯೂಟರು ಎನ್ನಬಹುದೆಂದು ಕಾಯುತ್ತೇನೆ. ತಸ್ಲೀಮಾ ಪೆನ್ ಡ್ರೈವ್ ಚುಚ್ಚಿ, ಮೇಜಿನ ಮೇಲೆ ತೋಳು ಮಡಚಿ, ತಲೆ ಇಡುತ್ತಾರೆ.

"ಕಾಪಿ ಆಗೋಗಂಟ ಒಸಿ ಮಲಗ್ತೀನಿ ಸಾರ್. ಬೈರಮ್ಮಾರು ಬಂದ್ರೆ ಎಬ್ಬಿಸಿ. ನೀವು ಯಾವ ಬಟನ್ನೂ ಒತ್ಬೇಡಿ."