ತರಬೇತಿ ಕೋಣೆಯ ಅತ್ತೆ

ಕೂತರೆ ತಪ್ಪು, ನಿಂತರೆ ತಪ್ಪು ಎಂದು ಕಾಡುತ್ತಿದ್ದುದರಿಂದ ಅವಳಿಗೆ ಅತ್ತೆ ಎಂಬ ಹೆಸರು ಬಿದ್ದಿತ್ತು. ಮದುವೆಯೇ ಆಗದವಳಿಗೆ ಎಷ್ಟೊಂದು ಸೊಸೆಯರು ನೋಡಿ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ನಮ್ಮದು ಕ್ಯಾನ್ಸರ್ ಸಂಶೋಧನೆಯ ಸಂಸ್ಥೆ. ನೆಲಮಹಡಿಯಲ್ಲಿ, ಲಿಫ್ಟಿನ ಪಕ್ಕ, ಕಿಟಕಿಯಿಲ್ಲದ ಅವಳ ಕೋಣೆ. ಬಾಗಿಲ ಮೇಲೆ ‘ಸಂಶೋಧಕರ ತರಬೇತಿ ಮತ್ತು ನೆರವು ಕೇಂದ್ರ’ ಎಂಬ ಉದ್ದನೆಯ ಹಲಗೆ, ಒಳಗೆ ಅವಳೊಬ್ಬಳೇ. ಹೊಸದಾಗಿ ಸೇರಿದವರು ಆರು ವಾರ ಅವಳ ಹತ್ತಿರ ಗೆಡ್ಡೆಯ ಜೀವಕೋಶಗಳನ್ನು ಸಾಕುವುದನ್ನು ಕಲಿಯಬೇಕು. ಅವಳ ಸಹಿ ಬಿದ್ದರೆ ಮಾತ್ರ ಮೇಲಿನ ಲ್ಯಾಬುಗಳ ಬಾಗಿಲು ತೆರೆಯುತ್ತಿತ್ತು.

ಅವಳಿಗೆ ಡಿಗ್ರಿ ಇರಲಿಲ್ಲ. ಅಪ್ಪ ಅದೇ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದವನು. ಅವನು ಹಾಸಿಗೆ ಹಿಡಿದಾಗ, ಹತ್ತೊಂಬತ್ತರ ಈ ಹುಡುಗಿ ಬಾಟಲಿ ತೊಳೆಯಲು ಬಂದಳು. ಮನೆಯಲ್ಲಿ ಶಾಲೆಗೆ ಹೋಗುವ ತಂಗಿ. ನೋಡಿ ನೋಡಿಯೇ ಕೆಲಸ ಕಲಿತು ಲ್ಯಾಬಿನ ಸಹಾಯಕಿಯಾದಳು. ಬೇರೆಯವರ ಕೈಯಲ್ಲಿ ಸಾಯುವ ಕೋಶಗಳು ಅವಳ ಕೈಯಲ್ಲಿ ಬದುಕುತ್ತಿದ್ದವಂತೆ. ಅಷ್ಟನ್ನು ನಾನೂ ಒಪ್ಪುತ್ತೇನೆ.

ಅವಳ ಪಾಠವೆಲ್ಲ ಒಂದೇ ಒಂದು ನಿಯಮದ ಸುತ್ತ. ಕೋಶಗಳಿಗೆ ಉಣಿಸುವ ಗುಲಾಬಿ ಬಣ್ಣದ ದ್ರವದ ಬಾಟಲಿ ಒಂದೊಂದು ಬಗೆಗೂ ಬೇರೆಯಾಗಿರಬೇಕು. ಒಂದರ ಬಾಟಲಿಯನ್ನು ಇನ್ನೊಂದರ ಹತ್ತಿರ ತರಕೂಡದು. ಬೇಗ ಬೆಳೆಯುವ ಬಗೆಯ ಒಂದು ಕೋಶ ಬಾಟಲಿಗೆ ಬಿದ್ದರೂ ಸಾಕು, ಕೆಲವೇ ವಾರಗಳಲ್ಲಿ ಅದು ಪಕ್ಕದ ತಟ್ಟೆಯಲ್ಲಿದ್ದವನ್ನೆಲ್ಲ ಹೊರದಬ್ಬಿ ತಾನೇ ತುಂಬಿಕೊಳ್ಳುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಟ್ಟೆಯ ಮೇಲಿನ ಚೀಟಿಯಲ್ಲಿ ಮಾತ್ರ ಹಳೆಯ ಹೆಸರೇ ಇರುತ್ತದೆ.

ನಾನು ಆ ತಪ್ಪು ಮಾಡಲಿಲ್ಲ. ಆದರೂ ಅವಳು ನನ್ನನ್ನು ಎರಡು ಸಲ ಫೇಲ್ ಮಾಡಿದಳು. ಒಮ್ಮೆ ಗ್ಲೌಸ್ ಸಡಿಲವೆಂದು, ಇನ್ನೊಮ್ಮೆ ಅಕ್ಷರ ಸರಿಯಿಲ್ಲವೆಂದು. ಯಾರ ಲ್ಯಾಬಿಗೆ ಹೋಗುವವಳು ಎಂದು ಕೇಳಿದಾಗ ನಾನು ಹೆಮ್ಮೆಯಿಂದ ಮೂರನೇ ಮಹಡಿಯ ಪ್ರೊಫೆಸರ್ ಎಂದಿದ್ದೆ. ಸ್ತನ ಕ್ಯಾನ್ಸರಿನ ಕೋಶಗಳ ಮೇಲೆ ಒಂದೇ ಲೇಖನ ಬರೆದು ದೇಶವಿದೇಶ ಸುತ್ತಿದವರು. ಬೇರೆ ಯಾರೂ ಸಿಗಲಿಲ್ಲವೇ ಎಂದು ಅವಳು ಮೂತಿ ತಿರುವಿದ್ದಳು. ಹೊಟ್ಟೆಕಿಚ್ಚು ಅಂದುಕೊಂಡೆ. ಪ್ರೊಫೆಸರ್ ನಿರ್ದೇಶಕರಿಗೆ ಒಂದು ಫೋನ್ ಮಾಡಿದರು, ಅವಳ ಸಹಿಯಿಲ್ಲದೆಯೇ ನನಗೆ ಪ್ರವೇಶ ಸಿಕ್ಕಿತು. ಬಾಟಲಿ ತೊಳೆಯುವವರಿಂದ ವಿಜ್ಞಾನ ಕಲಿಯಬೇಕೇ ಎಂದು ಅವರು ನಕ್ಕಾಗ ನಾನೂ ನಕ್ಕೆ.

ನಾಲ್ಕು ವರ್ಷ ಅವರು ಕೊಟ್ಟ ಕೋಶಗಳ ಮೇಲೆ ಒಂದು ಔಷಧಿಯನ್ನು ಪರೀಕ್ಷಿಸಿದೆ. ಫಲಿತಾಂಶ ಚೆನ್ನಾಗಿ ಬಂತು. ಪ್ರಬಂಧ ಮುಗಿಯುವ ಮೊದಲೇ ಅಮ್ಮ ಬೀದಿಯವರಿಗೆಲ್ಲ ನನ್ನನ್ನು ಡಾಕ್ಟರಮ್ಮ ಮಾಡಿದ್ದಳು. ಲೇಖನ ಕಳಿಸಿದ್ದ ಪತ್ರಿಕೆಯವರು ಕೋಶಗಳ ಗುರುತಿನ ಪರೀಕ್ಷೆಯ ವರದಿ ಕೇಳಿದರು. ಆ ಪರೀಕ್ಷೆ ನಡೆಯುತ್ತಿದ್ದುದು ಅತ್ತೆಯ ಕೋಣೆಯಲ್ಲೇ. ಹಲ್ಲು ಕಚ್ಚಿಕೊಂಡು ಹೋದೆ.

ನನ್ನ ಕೋಶಗಳು ಸ್ತನದವಲ್ಲ, ಗರ್ಭಕಂಠದವು ಎಂದು ವರದಿ ಬಂತು. ನಾನೇ ಎಲ್ಲೋ ಬೆರಕೆ ಮಾಡಿದ್ದೇನೆಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಪ್ರೊಫೆಸರ್ ಅಳಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಮಂಜುಗಟ್ಟಿಸಿಟ್ಟ ಮೂಲ ಸೀಸೆ ಟ್ಯಾಂಕಿನಲ್ಲಿದೆ, ಅದನ್ನು ಪರೀಕ್ಷೆಗೆ ಕೊಡು, ಆ ವರದಿಯನ್ನು ಪತ್ರಿಕೆಗೆ ಕಳಿಸು ಎಂದರು. ನನ್ನ ಪ್ರಯೋಗ ನಡೆದದ್ದು ಆ ಸೀಸೆಯ ಕೋಶಗಳ ಮೇಲಲ್ಲ, ಅದು ಮೋಸವೆಂದು ನನಗೆ ಗೊತ್ತಿತ್ತು. ಆದರೂ ತೆಗೆದುಕೊಂಡು ಹೋದೆ. ನನಗೆ ಡಾಕ್ಟರೇಟ್ ಬೇಕಿತ್ತು.

ಅತ್ತೆ ಸೀಸೆಯ ಮೇಲಿನ ಚೀಟಿ ಓದಿ ಅದನ್ನು ಮೇಜಿನ ಮೇಲಿಟ್ಟಳು. ಅಕ್ಷರ ಅವಳದ್ದೇ ಆಗಿತ್ತು.

“ಇದ್ರಲ್ಲೂ ಅದೇ ಇರೋದು,” ಅಂದಳು.

“ಪರೀಕ್ಷೆನೇ ಮಾಡ್ದೆ ಹೇಗೆ ಹೇಳ್ತೀರಿ?”

“ಕೆಡಿಸಿದ್ದೂ ನಾನೇ, ಆಮೇಲೆ ಈ ಸೀಸೆಗೆ ತುಂಬಿದ್ದೂ ನಾನೇ ಕಣಮ್ಮ.”

ಆಗ ಅವಳು ಆ ಲ್ಯಾಬಿನಲ್ಲೇ ಇದ್ದಳು. ಅವಸರದಲ್ಲಿ ಒಂದೇ ಬಾಟಲಿಯಿಂದ ಎರಡು ಬಗೆಯ ತಟ್ಟೆಗಳಿಗೂ ಉಣಿಸಿದ್ದಳು. ಕೋಶಗಳು ಬೆಳೆಯುವ ವೇಗ ನೋಡಿ ತಿಂಗಳೊಳಗೆ ಅನುಮಾನ ಬಂತು, ಪ್ರೊಫೆಸರ್‌ಗೆ ಹೇಳಿದಳು. ಲೇಖನ ಅಷ್ಟರಲ್ಲಿ ಅಚ್ಚಿಗೆ ಹೋಗಿತ್ತು. ಬಾಯಿ ಮುಚ್ಚಿಕೊಂಡಿರು ಎಂದರಂತೆ. ಮುಂದಿನ ತಿಂಗಳೇ ಅವಳ ಕೆಲಸ ಕಾಯಂ ಆಯಿತು, ಕೆಲವು ವರ್ಷಗಳ ನಂತರ ಈ ಕೋಣೆಯೂ ಸಿಕ್ಕಿತು.

ನನಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ನಾಲ್ಕು ವರ್ಷ ನನ್ನನ್ನು ಸುಮ್ಮನೆ ನೋಡುತ್ತಿದ್ದಿರಾ ಎಂದು ಕೇಳಿದೆ.

“ಎರಡು ಸಲ ಫೇಲ್ ಮಾಡಿದ್ನಲ್ಲ. ನನ್ನ ಕೈಲಾಗಿದ್ದು ಅಷ್ಟೇ.”

“ನಿಮ್ಮ ತಂಗಿ ಮಗಳಾಗಿದ್ರೆ ಬಾಯಿಬಿಟ್ಟು ಹೇಳ್ತಿದ್ರಿ.”

ಅವಳು ಸೀಸೆಯನ್ನು ಪರೀಕ್ಷೆಗೆಂದು ಇಟ್ಟುಕೊಂಡಳು, ನನಗೆ ವಾಪಸು ಕೊಡಲಿಲ್ಲ. ಮರುವಾರ ಎರಡೂ ವರದಿಗಳ ಜೊತೆಗೆ, ತನ್ನ ತಪ್ಪನ್ನೂ ಪ್ರೊಫೆಸರ್ ಬಾಯಿ ಮುಚ್ಚಿಸಿದ್ದನ್ನೂ ಬರೆದು ನಿರ್ದೇಶಕರಿಗೆ ಕೊಟ್ಟಳು.

ವಿಚಾರಣೆ ನಡೆಯಿತು. ಆ ಪ್ರೊಫೆಸರ್ ತನಗೆ ಯಾರೂ ಏನೂ ಹೇಳಿರಲಿಲ್ಲವೆಂದು ಕೈ ತೊಳೆದುಕೊಂಡ. ಅವಳು ಹೇಳಿದ್ದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಅವನು ಹಳೆಯ ಲೇಖನವನ್ನು ತಾನಾಗಿಯೇ ಹಿಂದಕ್ಕೆ ಪಡೆದ. ಸಭಾಂಗಣದಲ್ಲಿ ಅವನ ಪ್ರಾಮಾಣಿಕತೆಗೆ ಚಪ್ಪಾಳೆ ಬಿತ್ತು. ನಿವೃತ್ತಿಗೆ ಎಂಟು ತಿಂಗಳಿದ್ದ ಅತ್ತೆಯನ್ನು ಮನೆಗೆ ಕಳಿಸಿದರು. ನನ್ನ ಪ್ರಬಂಧ ಕಸದ ಬುಟ್ಟಿಗೆ ಹೋಯಿತು. ಬೀದಿಯವರಿಗೆ ಏನು ಹೇಳಬೇಕೆಂದು ತಿಳಿಯದೆ ಅಮ್ಮ ಒಂದು ವಾರ ಹೊರಗೇ ಬರಲಿಲ್ಲ.

ನನಗೆ ಡಾಕ್ಟರೇಟಿನ ಬದಲು ಆ ಕಿಟಕಿಯಿಲ್ಲದ ಕೋಣೆ ಸಿಕ್ಕಿತು. ಹೊಸಬರಿಗೆ ಕಲಿಸಲು ಬೇರೆ ಯಾರೂ ಇರಲಿಲ್ಲ, ನನಗೂ ಹೋಗಲು ಜಾಗವಿರಲಿಲ್ಲ.

ಕಳೆದ ತಿಂಗಳು ಹೊಸಬರ ತಂಡ ಬಂತು. ಒಬ್ಬ ಹುಡುಗಿ ಮೂರನೇ ಮಹಡಿಯ ಪ್ರೊಫೆಸರ್ ಹತ್ತಿರ ಹೋಗುತ್ತೇನೆ ಅಂದಳು. ಎಲ್ಲರ ಎದುರೇ ಹೇಳಿದೆ: ಅವನ ಕೋಶಗಳು ಏನಾಗಿದ್ದವು, ಅವನಿಗೆ ಯಾವಾಗ ಗೊತ್ತಿತ್ತು, ನನ್ನ ನಾಲ್ಕು ವರ್ಷ ಏನಾಯಿತು. ಎರಡು ನಿಮಿಷವೂ ಹಿಡಿಯಲಿಲ್ಲ. ಹುಡುಗಿ ಚೀಲ ಎತ್ತಿಕೊಂಡು ನಿರ್ದೇಶಕರ ಕೋಣೆಗೆ ಗೈಡ್ ಬದಲಾಯಿಸಲು ಹೋದಳು. ಸಂಜೆಗೆ ನನಗೆ ನೋಟಿಸ್ ಬಂತು.

ಕಳೆದುಕೊಳ್ಳಲು ನಿನಗೇನೂ ಉಳಿದಿರಲಿಲ್ಲ, ಅತ್ತೆಗೆ ನಡೆಸಬೇಕಾದ ಮನೆ ಇತ್ತು, ಬರಬೇಕಾದ ಪಿಂಚಣಿ ಇತ್ತು ಎನ್ನುತ್ತಾಳೆ ಅಮ್ಮ. ಇರಬಹುದು. ಆದರೆ ನನ್ನ ಮುಂದೆ ಆ ಹೆಂಗಸು ಆರು ವಾರ ದಿನವೂ ನಿಂತಿದ್ದಳು, ಬೇಕಾಗಿದ್ದದ್ದು ಎರಡೇ ನಿಮಿಷ.